ಮೂರನೇ ಕೈ

ಅಯ್ಯಯ್ಯೋ, ಆ ಕುರ್ಚಿ ಬೇಡಮ್ಮಾ! ಏಳಿ, ಏಳಿ... ಅದು ಕೂರೋದಕ್ಕೆ ಮಾಡಿದ್ದಲ್ಲ, ಮುರಿಯೋದಕ್ಕೆ ಮಾಡಿದ್ದು. ನಮ್ಮ ಕಾಮಿಡಿ ಪ್ರೋಗ್ರಾಮಿನ ಕುರ್ಚಿ. ಹಿಂದಿನ ಕಾಲು ಒಂದು ಬೆಣೆ ಮೇಲೆ ನಿಂತಿದೆ, ಅಷ್ಟೆ. ಹದಿನೆಂಟು ವರ್ಷದಲ್ಲಿ ಅದರಿಂದ ಎಷ್ಟು ಜನ ಬಿದ್ದಿದಾರೋ, ಒಬ್ಬರಿಗೂ ಪೆಟ್ಟಾಗಿಲ್ಲ. ನೀವು ಬಿದ್ದರೆ ಮಾತ್ರ ನಿಮ್ಮ ನಗರಸಭೆಯವರು ನನ್ನ ಸನ್ಮಾನ ವಾಪಸ್ ತಗೊಳ್ತಾರೆ. ಹ್ಞಾಂ, ಈ ಕಡೆ ಬನ್ನಿ, ಕಿಟಕಿ ಪಕ್ಕ. ಇದು ನಿಜವಾದ ಕುರ್ಚಿ.

ನಗಲಿಲ್ಲ ನೀವು. ಇರಲಿ, ಇರಲಿ. ಕಚೇರಿ ಹೊತ್ತಲ್ಲಿ ನಗಬಾರದು ಅಂತ ಏನಾದ್ರೂ ಸುತ್ತೋಲೆ ಬಂದಿದೆಯಾ?

ಎಲ್ಲಿದ್ದೆ ನಾನು... ಬಾಗಿಲಲ್ಲೇ ಶುರು ಮಾಡ್ಬಿಟ್ಟಿದ್ದೆ. ಸನ್ಮಾನ ಪತ್ರ. ನಾಳೆ ಹನ್ನೊಂದು ಗಂಟೆಗೆ ಪುರಭವನದಲ್ಲಿ ಓದೋದು. ನನ್ನ ಇಡೀ ಬದುಕು ಒಂದು ಪುಟದಲ್ಲಿ, ದಪ್ಪ ಅಕ್ಷರದಲ್ಲಿ. ನಿಮ್ಮ ಅಧ್ಯಕ್ಷರು ಫೋನ್ ಮಾಡಿದ್ರು, ‘ನಮ್ಮ ರೆಕಾರ್ಡ್ ರೂಮಿನ ಹುಡುಗಿ ಬರ್ತಾಳೆ ಸಾರ್, ಚೆನ್ನಾಗಿ ಬರೀತಾಳೆ, ನಾನೇ ಬರೀತೀನಿ ಅಂತ ಕೇಳಿ ತಗೊಂಡಿದಾಳೆ’ ಅಂತ. ಕೇಳಿ ತಗೊಂಡ್ರಾ? ಕಚೇರೀಲಿ ಕೆಲಸ ಕೇಳಿ ತಗೊಳ್ಳೋರನ್ನ ನಾನು ನೋಡ್ತಿರೋದು ಇದೇ ಮೊದಲು. ನಾಳೆ ನನ್ನ ಪಕ್ಕದಲ್ಲಿ ನಿಮಗೂ ಒಂದು ಸನ್ಮಾನ ಮಾಡಬೇಕು.

ಆ ಫೈಲು ಟೀಪಾಯಿ ಮೇಲಿಡಿ, ತೊಡೆ ಮೇಲೆ ಯಾಕೆ ಭಾರ... ಬೇಡ್ವಾ? ಸರಿ. ನಿಮ್ಮಿಷ್ಟ.

ಒಳಗೆ ಟಕ್ ಟಕ್ ಅಂತಿದೆಯಲ್ಲ, ಅದು ನನ್ನ ಹೆಂಡತಿಯ ಊರುಗೋಲು. ಟೀ ಮಾಡ್ತಿದಾಳೆ. ನಾನು ಮಾಡ್ತೀನಿ ಕಣೇ ಅಂದ್ರೆ ಕೇಳಲ್ಲ. ನಾನು ಮಾಡಿದ ಟೀ ಕುಡಿದು ಬಂದವರು ಸನ್ಮಾನ ಪತ್ರದಲ್ಲಿ ಏನು ಬರೀತಾರೋ ಅಂತ ಅವಳಿಗೆ ಭಯ.

ಸರಿ, ಬರ್ಕೊಳ್ಳಿ. ಟಿವಿಗೆ ನಾನು ಸೇರಿದ್ದು ಬೋರ್ಡು ಹಿಡಿಯೋ ಕೆಲಸಕ್ಕೆ. ಹೌದಮ್ಮಾ, ಬೋರ್ಡು! ರೆಕಾರ್ಡಿಂಗ್ ನಡೆಯೋವಾಗ ಜನರ ಎದುರಿಗೆ ನಿಂತು ‘ನಗಿ’ ಅಂತ ಬರೆದಿರೋ ಹಲಗೆ ಎತ್ತಬೇಕು. ಅದನ್ನೇ ತಿರುಗಿಸಿದ್ರೆ ‘ಚಪ್ಪಾಳೆ’. ಒಂದ್ಸಲ ತಿರುಗಾಮುರುಗಾ ಆಗೋಯ್ತು. ನಟ ಮೆಟ್ಟಿಲಿಂದ ಉರುಳಿ ಬಿದ್ದ, ಇನ್ನೂರು ಜನ ಚಪ್ಪಾಳೆ ಹೊಡೆದ್ರು. ಅವನಿಗೆ ನಿಜವಾಗ್ಲೂ ಕಾಲು ಉಳುಕಿತ್ತು ಪಾಪ, ಆದ್ರೂ ಎದ್ದು ಕೈ ಮುಗಿದ. ಆವತ್ತೇ ನನಗೆ ಗೊತ್ತಾಯ್ತು. ಯಾವಾಗ ನಗಬೇಕು ಅಂತ ಜನಕ್ಕೆ ಗೊತ್ತಿರಲ್ಲ. ಯಾರಾದ್ರೂ ಹೇಳಬೇಕು... ಇದನ್ನ ಬರೀಬೇಡಿ. ಓದೋಕೆ ಚೆನ್ನಾಗಿರಲ್ಲ.

ಏಳು ವರ್ಷಕ್ಕೆ ಪ್ರೊಡ್ಯೂಸರ್ ಆದೆ. ಪ್ರೊಡ್ಯೂಸರ್ ಅಂದ್ರೆ ಜೋಕು ಹೇಳೋನಲ್ಲ ಕಣಮ್ಮಾ, ನಗೋ ಹಾಗೆ ಮಾಡೋನು. ಜೋಕು ಯಾರು ಬೇಕಾದ್ರೂ ಹೇಳ್ತಾರೆ. ರೆಕಾರ್ಡಿಂಗ್ ಹಾಲ್ ತಣ್ಣಗಿರಬೇಕು, ಬೆಚ್ಚಗಿದ್ರೆ ಜನ ತೂಕಡಿಸ್ತಾರೆ. ಕುರ್ಚಿ ಒತ್ತೊತ್ತಾಗಿ ಹಾಕ್ಬೇಕು. ಒಂದು ಖಾಲಿ ಕುರ್ಚಿ ಅಕ್ಕಪಕ್ಕದ ನಾಲ್ಕು ಜನರ ನಗು ನುಂಗುತ್ತೆ. ಬಾಯ್ತುಂಬ ನಗೋರನ್ನ ಮೈಕಿನ ಕೆಳಗೆ ಕೂರಿಸ್ಬೇಕು. ಇಷ್ಟೆಲ್ಲ ಆದ್ಮೇಲೂ ನಗಲಿಲ್ಲ ಅನ್ನಿ, ನಮ್ಮ ಸೌಂಡಿನವನ ಹತ್ರ ನಗುವಿನ ಡಬ್ಬಿ ಇತ್ತು. ಹಳೇ ರೆಕಾರ್ಡಿಂಗಲ್ಲಿ ಸಿಕ್ಕಿದ ನಗುವನ್ನೆಲ್ಲ ಕತ್ತರಿಸಿ ನಂಬರ್ ಹಾಕಿ ಇಟ್ಟಿದ್ದ. ಒಂದನೇ ನಂಬರು ಗಂಡಸರು, ಎರಡು ಹೆಂಗಸರು, ಮೂರು ನಗಬಾರದು ಅಂತ ತಡ್ಕೊಂಡು ಆಮೇಲೆ ನಗೋರು... ಏಳನೇ ನಂಬರು ಒಂದು ಮಗು. ಗಾಜಿನ ಲೋಟ ಕಿಣಿಕಿಣಿ ಅಂದಹಾಗೆ! ಎಂಥಾ ಹಳಸಿದ ಜೋಕಿಗೂ ಏಳನೇ ನಂಬರು ಒತ್ತಿದ್ರೆ ಮನೇಲಿ ಕೂತವರು ನಕ್ಕೇಬಿಡೋರು. ಮಗು ನಗ್ತಿದೆ ಅಂದ್ರೆ ಅದರಲ್ಲಿ ಕೆಟ್ಟದ್ದೇನೂ ಇರಲ್ಲ ಅಂತ ಅಲ್ವಾ ನಂಬಿಕೆ. ಹದಿನಾರು ವರ್ಷ ವಾರವಾರಾನೂ ಆ ಮಗು ನಕ್ಕಿದೆ. ಪಾಪ, ಅದಕ್ಕೇ ಗೊತ್ತಿಲ್ಲ.

ಏನು ಹಾಗೆ ನೋಡ್ತೀರಿ? ಬರೀರಿ. ‘ಹಾಸ್ಯ ಕ್ಷೇತ್ರದಲ್ಲಿ ಅನೇಕ ಹೊಸ ಪ್ರಯೋಗ’ ಅಂತ ಬರೀರಿ.

ಈಗ ಆ ಬೀರು ನೋಡಿ. ಗಾಜಿನ ಹಿಂದೆ, ಬಹುಮಾನಗಳ ಮಧ್ಯೆ. ಹ್ಞಾಂ, ಅದೇ. ಹತ್ತಿ ತುಂಬಿದ ಕೈ. ಮೂರನೇ ಕೈ ಮಾವನ ಮೂರನೇ ಕೈ! ನಿಮ್ಮ ವಯಸ್ಸಿನವರಿಗೆ ಆ ಮಾವ ಗೊತ್ತಿರಲೇಬೇಕು. ಚಿಕ್ಕೋರಿದ್ದಾಗ ನೋಡಿರ್ತೀರಿ. ನೋಡಿದೀರಾ? ...ತಲೆ ಆಡಿಸಿದ್ದು ಹೌದು ಅಂತಲೋ ಇಲ್ಲ ಅಂತಲೋ? ಹೌದು. ಮತ್ತೆ! ನೋಡದವರು ಯಾರಿದಾರೆ?

ನಮ್ಮ ಪ್ರೋಗ್ರಾಮು ಎರಡನೇ ವರ್ಷಕ್ಕೇ ಏದುಸಿರು ಬಿಡ್ತಿತ್ತು. ಮೇಲಿನವರು ಕರೆದು ‘ಇನ್ನು ಎರಡು ವಾರ ನೋಡ್ತೀವಿ’ ಅಂದ್ರು. ಆಗ ಹುಟ್ಟಿದ್ದು ಈ ಮಾವ. ನನ್ನ ತಲೇಲೇ ಹುಟ್ಟಿದ್ದು, ಪೂರಾ ಕಲ್ಪನೆ. ಅರ್ಜಿ ಹಿಡ್ಕೊಂಡು ಕಚೇರಿಯಿಂದ ಕಚೇರಿಗೆ ಅಲೆಯೋ ಒಬ್ಬ ಮನುಷ್ಯ. ರಸ್ತೆ ದಾಟೋಕೆ ಸಿಗ್ನಲ್ ಬೇಕು ಅಂತ ಅವನ ಗೋಳು. ನಿಂತ್ಕೊಂಡು ಅರ್ಜಿ ಓದ್ತಾನೆ, ಕೇಳಿ: ‘ಮಾನ್ಯರೇ, ರಸ್ತೆ ದಾಟುವಾಗ ನನ್ನ ಎಡಗೈಯಲ್ಲಿ ಮಗಳ ಕೈ ಇರುತ್ತದೆ. ಬಲಗೈಯಲ್ಲಿ ಟೈಪ್‌ರೈಟರ್ ಇರುತ್ತದೆ. ಬರುವ ವಾಹನಗಳಿಗೆ ನಿಲ್ಲಿ ಎಂದು ತೋರಿಸಲು ನನ್ನಲ್ಲಿ ಮೂರನೇ ಕೈ ಇರುವುದಿಲ್ಲ. ಆದುದರಿಂದ ತಾವು ದಯಮಾಡಿ ಒಂದು ಕೈಯನ್ನು ಮಂಜೂರು ಮಾಡಬೇಕಾಗಿ ಪ್ರಾರ್ಥನೆ.’

ಹೆಂಗಿದೆ! ‘ಒಂದು ಕೈಯನ್ನು ಮಂಜೂರು ಮಾಡಬೇಕಾಗಿ’! ಅಷ್ಟು ಹೇಳ್ತಿದ್ದ ಹಾಗೇ ಅಂಗಿಯೊಳಗಿಂದ ಈ ಹತ್ತಿ ಕೈ ಹೊರಗೆ ಬರೋದು, ಸೊಯ್ಯಂತ! ...ಟೈಪ್‌ರೈಟರ್ ಯಾಕೆ ಅಂತೀರಾ? ಕೇಳಲಿಲ್ವಾ, ಸರಿ, ಕೇಳಿದ ಹಾಗಾಯ್ತು. ಯಾಕೋ ಬಂತಮ್ಮ ತಲೆಗೆ. ಕಲ್ಪನೆಗೆ ಕಾರಣ ಏನು ಹೇಳೋದು.

ಅದು ಎಷ್ಟು ಜನಪ್ರಿಯ ಆಯ್ತು ಅಂದ್ರೆ, ಮಕ್ಕಳು ಬೀದೀಲಿ ಅಂಗಿಯೊಳಗೆ ಕೋಲು ಸಿಗಿಸ್ಕೊಂಡು ಓಡಾಡೋವು. ನಿಮ್ಮ ನಗರಸಭೆಯಲ್ಲೇ, ಯಾರಾದ್ರೂ ಅರ್ಜಿ ಹಿಡ್ಕೊಂಡು ಬಂದ್ರೆ ಸಾಕು, ಗುಮಾಸ್ತರು ‘ಏನಪ್ಪಾ, ಮೂರನೇ ಕೈ ಬಂತಾ?’ ಅಂತ ಕೇಳೋರಂತೆ. ಇಡೀ ಸಾಲು ನಗೋದಂತೆ. ನಿಮ್ಮ ಈಗಿನ ಅಧ್ಯಕ್ಷರೇ ಹೇಳಿದ್ದು, ‘ಸಾರ್, ಆ ಕಾಲದಲ್ಲಿ ನಾನೂ ದಿನಾ ಹೇಳ್ತಿದ್ದೆ’ ಅಂತ. ಒಬ್ಬ ಪ್ರೊಡ್ಯೂಸರಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕಾ?

ಪೆನ್ನು ಯಾಕೆ ನಿಲ್ಲಿಸಿದ್ರಿ? ಶಾಯಿ ಮುಗೀತಾ? ಇಲ್ಲಿದೆ ನೋಡಿ ಬೇರೆ ಪೆನ್ನು... ಬೇಡ್ವಾ.

ನಗುವ ಹೆಂಗಸನ್ನ, ಅಳುವ ಗಂಡಸನ್ನ ನಂಬಬಾರದು ಅಂತ ಗಾದೆ. ನೀವು ನಗೋದೇ ಇಲ್ಲ. ಹಾಗಾದ್ರೆ ನಿಮ್ಮನ್ನ ಕಣ್ಮುಚ್ಚಿ ನಂಬಬಹುದು.

ಸರಿ, ಈಗ ಸಮಾಜಸೇವೆಗೆ ಬರೋಣ. ನಾಳೆ ಸನ್ಮಾನ ಅದಕ್ಕೆ ತಾನೇ. ಪ್ರೋಗ್ರಾಮು ನಿಂತ್ಮೇಲೆ ನಾನು ಮನೇಲಿ ಕೂತಿದ್ದೆ. ನಾಲ್ಕು ವರ್ಷದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ನಾನೂ ನನ್ನ ಹೆಂಡತಿಯೂ ತರಕಾರಿ ತಗೊಂಡು ವಾಪಸ್ ಬರ್ತಿದ್ವಿ. ಆ ಕೂಡುರಸ್ತೆ ದಾಟ್ತಿದ್ವಿ. ಈ ಕಿಟಕಿಯಿಂದ ಕಾಣುತ್ತೆ ನೋಡಿ, ಔಷಧಿ ಅಂಗಡಿ ಮುಂದೆ, ಈಗ ಸಿಗ್ನಲ್ ಕಂಬ ಇದೆಯಲ್ಲ, ಅಲ್ಲೇ. ಬಲಗೈಲಿ ಚೀಲ. ಎಡಗೈಲಿ ಅವಳ ಕೈ. ಗಟ್ಟಿಯಾಗಿ ಹಿಡ್ಕೊಂಡಿದ್ದೆ, ಆದ್ರೂ ನೋಡಿ, ಒಂದು ವ್ಯಾನು ಬಂದು... ಸೊಂಟದ ಮೂಳೆ ಮುರೀತು. ಮೂರು ತಿಂಗಳು ಮಂಚ ಬಿಟ್ಟು ಏಳಲಿಲ್ಲ.

ಏನೇ? ಊರುಗೋಲು ನಿಂತುಹೋಯ್ತಲ್ಲ, ಬೇಕಾ ಏನಾದ್ರೂ? ...ಏನೂ ಇಲ್ವಂತೆ. ಕೇಳಿಸ್ಕೊಳ್ತಿದಾಳೆ ಅಷ್ಟೆ. ಈ ಕಥೆ ಅವಳು ನೂರು ಸಲ ಕೇಳಿದಾಳೆ.

ಅವಳು ಮಂಚದ ಮೇಲಿದ್ದಾಗ ನಾನು ಅರ್ಜಿ ಬರೆದೆ. ಒಂದೇ ಉಸಿರಲ್ಲಿ. ಒಂದು ಅಕ್ಷರ ತಿದ್ದಲಿಲ್ಲ. ‘ಮಾನ್ಯರೇ, ರಸ್ತೆ ದಾಟುವಾಗ ನನ್ನ ಎಡಗೈಯಲ್ಲಿ ಹೆಂಡತಿಯ ಕೈ ಇತ್ತು. ಬಲಗೈಯಲ್ಲಿ ಚೀಲ ಇತ್ತು...’ ಮುಂದಿಂದು ನಿಮಗೆ ಗೊತ್ತೇ ಇದೆ. ನನ್ನ ಮಾವನ ಮಾತನ್ನೇ ಬಳಸ್ಕೊಂಡೆ. ನನ್ನ ಗಂಟು, ನಾನು ಬಿಚ್ಚಿದೆ, ಯಾರಪ್ಪಂದೇನು?

...ಹಾಗಂದ್ರೆ ಮಾತಿಗೆ ಅಂದೆ. ನಿಮ್ಮಪ್ಪನ್ನ ಅನ್ನಲಿಲ್ಲ. ಯಾಕೆ ಕೆಂಪಾಗ್ತೀರಿ?

ಆಮೇಲೆ ಮೂರು ವರ್ಷ. ಪಜೀತಿ ಅಂದ್ರೆ ಅದು! ಎಂಜಿನಿಯರ್ ಹತ್ರ ಹೋದ್ರೆ ಪೊಲೀಸರದ್ದು ಅಂತಾನೆ, ಪೊಲೀಸರ ಹತ್ರ ಹೋದ್ರೆ ಎಂಜಿನಿಯರ್‌ದು ಅಂತಾರೆ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು. ಪ್ರತಿ ಭಾನುವಾರ ಆ ಕೂಡುರಸ್ತೇಲಿ ನಿಂತ್ವಿ. ರಟ್ಟಿನ ಕೈ ಮಾಡಿಸಿ ಎಲ್ಲರಿಗೂ ಒಂದೊಂದು ಕೊಟ್ಟೆ, ‘ಮೂರನೇ ಕೈ ಕೊಡಿ’ ಅಂತ ಬರೆದು. ಮೊದಲು ಒಂಬತ್ತು ಜನ, ಆಮೇಲೆ ಮುನ್ನೂರು. ನಾಲ್ಕು ಸಾವಿರ ಸಹಿ. ಪ್ರೋಗ್ರಾಮು ನೋಡಿದ್ದ ಜನವೇ ಎಲ್ಲ, ಹಳೇ ನೆಂಟರನ್ನ ಕಂಡ ಹಾಗೆ ಬಂದು ಸಹಿ ಹಾಕಿದ್ರು.

ಕೊನೇ ಸಭೆ ನಿಮ್ಮ ನಗರಸಭೆಯಲ್ಲಿ. ದೊಡ್ಡ ಹಾಲ್ ಕೊಡ್ತೀವಿ ಅಂದ್ರು, ಬೇಡ ಅಂದೆ. ನಲವತ್ತು ಜನಕ್ಕೆ ದೊಡ್ಡ ಹಾಲ್ ಯಾಕೆ? ಸಣ್ಣ ರೂಮು ತಗೊಂಡು ಕುರ್ಚಿ ಒತ್ತೊತ್ತಾಗಿ ಹಾಕಿಸ್ದೆ, ಕಿಟಕಿ ಎಲ್ಲ ತೆಗೆಸ್ದೆ, ತಣ್ಣಗಿರಲಿ ಅಂತ. ಅಳೋ ಅಜ್ಜಿಯೊಬ್ಬರನ್ನ ಮೈಕಿನ ಪಕ್ಕ ಕೂರಿಸ್ದೆ. ಕೆಲಸ ಕೆಲಸವೇ ಅಮ್ಮಾ, ನಗಿಸೋದಾದ್ರೂ ಅಳಿಸೋದಾದ್ರೂ. ಆಮೇಲೆ ನಿಂತು ಅರ್ಜಿ ಓದಿದೆ. ಅದೇ ಮಾತು! ಆಗ ಇನ್ನೂರು ಜನ ಹೊಟ್ಟೆ ಹಿಡ್ಕೊಂಡು ನಕ್ಕಿದ್ದು. ಈಗ ನಲವತ್ತು ಜನ ಕಣ್ಣೊರೆಸ್ಕೊಂಡ್ರು. ಅಧ್ಯಕ್ಷರು ಕನ್ನಡಕ ತೆಗೆದು ಮೂಗು ಸೀಟಿದ್ರು. ಹೋದ ತಿಂಗಳು ಕಂಬ ನೆಟ್ರು. ಗುಂಡಿ ಒತ್ತಿದ್ರೆ ಕೆಂಪು ಕೈ ಬೆಳಗುತ್ತೆ, ವಾಹನ ನಿಲ್ಲುತ್ತೆ. ಹನ್ನೆರಡು ಸೆಕೆಂಡು. ನನ್ನ ಹೆಂಡತಿ ನಡಿಗೆಗೆ ಹದಿನೈದು ಬೇಕು. ಅದಕ್ಕೆ ಬೇರೆ ಅರ್ಜಿ ಕೊಡ್ಬೇಕು.

ಆ ಅರ್ಜಿಗೆ ಅವಳು ಕಟ್ಟು ಹಾಕಿಸಿ ಮಂಚದ ತಲೆ ಹತ್ರ ನೇತುಹಾಕಿದಾಳೆ. ಬಂದವರಿಗೆಲ್ಲ ತೋರಿಸ್ತಾಳೆ. ಇವರು ನನಗೋಸ್ಕರ ಬರೆದದ್ದು ಅಂತ. ನಲವತ್ತು ವರ್ಷದ ಸಂಸಾರದಲ್ಲಿ ನಾನು ಅವಳಿಗೋಸ್ಕರ ಬರೆದದ್ದು ಅದೊಂದೇ. ಇದನ್ನ ಬೇಕಾದ್ರೆ ಬರ್ಕೊಳ್ಳಿ. ಜನಕ್ಕೆ ಇಷ್ಟವಾಗುತ್ತೆ.

ಬರೀತಿಲ್ಲ ನೀವು.

ಬರೀತಿಲ್ಲ, ನಗ್ತಿಲ್ಲ, ಏನೂ ಕೇಳ್ತಿಲ್ಲ. ನೋಡಮ್ಮಾ, ಮೂವತ್ತು ವರ್ಷ ನಗು ಮಾರಿದೋನಿಗೆ ಮೌನ ಚೆನ್ನಾಗಿ ಗೊತ್ತಿರುತ್ತೆ. ಅರ್ಥವಾಗದೆ ಸುಮ್ಮನಿರೋದು ಒಂದು. ನಗು ತಡ್ಕೊಂಡು ಸುಮ್ಮನಿರೋದು ಒಂದು. ಬಸ್ಸಿಗೆ ಹೊತ್ತಾಯ್ತು ಅಂತ ಸುಮ್ಮನಿರೋದು ಇನ್ನೊಂದು. ನಿಮ್ಮದು ಈ ಮೂರೂ ಅಲ್ಲ. ನಿಮ್ಮದನ್ನ ನಾನು ಒಂದೇ ಸಲ ನೋಡಿರೋದು. ಮೂರನೇ ಸಾಲಲ್ಲಿ...

ಏನಿದು? ಈಗ ತೆಗೀತೀರಾ ಫೈಲು? ಅಷ್ಟೊತ್ತಿಂದ ಕೇಳ್ತಿದ್ದೆ. ಕೊಡಿ. ಕನ್ನಡಕ ಎಲ್ಲಿ... ಇಲ್ಲಿದೆ.

‘ಮಾನ್ಯರೇ.’ ಟೈಪ್ ಮಾಡಿದ್ದು. ‘ರಸ್ತೆ ದಾಟುವಾಗ ನನ್ನ ಎಡಗೈಯಲ್ಲಿ...’

ಹೌದು. ಅದೇ. ನಗರಸಭೆಯ ಸೀಲು. ಇಪ್ಪತ್ತೊಂದು ವರ್ಷದ ಹಿಂದಿನ ತಾರೀಖು. ಒಂದು, ಎರಡು, ಮೂರು... ಏಳು ಅರ್ಜಿ, ಎಲ್ಲವೂ ಇದೇ ಕೂಡುರಸ್ತೆಗೆ. ಎಲ್ಲದರಲ್ಲೂ ಒಂದೇ ಮಾತು, ಕೊನೇಲಿ ‘ಹಿಂದಿನ ಅರ್ಜಿಗೆ ಉತ್ತರ ಬಂದಿಲ್ಲದ ಕಾರಣ ಮತ್ತೊಮ್ಮೆ’ ಅಂತ ಒಂದು ಸಾಲು ಜಾಸ್ತಿ. ಎಂಥಾ ಅಚ್ಚುಕಟ್ಟು! ಪಕ್ಕದ ಜಾಗ, ಸಾಲು ಬಿಟ್ಟಿರೋದು, ಎಲ್ಲ ಅಳತೆ ಮಾಡಿದ ಹಾಗಿದೆ. ಕೋರ್ಟಿನ ಹೊರಗೆ ಕೂತು ಬೇರೆಯವರ ಅರ್ಜಿ ಟೈಪ್ ಮಾಡೋರು. ತಮ್ಮದನ್ನೂ ಅಷ್ಟೇ ಶ್ರದ್ಧೆಯಿಂದ...

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನೀವು ಕಳ್ಳ ಅಂತಲೂ ಅಂದಿಲ್ಲ. ಬಂದಾಗಿನಿಂದ ಒಂದು ಮಾತಾಡಿಲ್ಲ. ನಾನೇ ಹೆಗಲು ಮುಟ್ಕೊಂಡು ಕೂತಿದೀನಿ, ಕೋರ್ಟಿನ ಹೊರಗೆ ಕೂರೋರು ಅಂತ ಬೇರೆ ಹೇಳ್ದೆ.

ಸರಿ. ಒಂದು ಪ್ರತಿ ನಮಗೂ ಬಂದಿತ್ತು. ಟಿವಿಗೆ. ‘ತಾವಾದರೂ ಈ ವಿಷಯವನ್ನು ಜನರ ಗಮನಕ್ಕೆ ತರಬೇಕು’ ಅಂತ. ಸುದ್ದಿ ವಿಭಾಗಕ್ಕೆ ಹೋಗ್ಬೇಕಿತ್ತು, ದಾರಿ ತಪ್ಪಿ ನನ್ನ ಮೇಜಿಗೆ ಬಂತು. ನಾನು ಓದಿದೆ. ನಕ್ಕೆ. ಏನು ಮಾಡ್ಲಿ, ನಗು ಬಂತು! ಎರಡು ವಾರದಲ್ಲಿ ಕೆಲಸ ಹೋಗೋದಿತ್ತು ನನಗೆ, ಜೋಕು ಎಲ್ಲಿ ಸಿಕ್ಕಿದ್ರೂ ಹೆಕ್ಕೋ ಕಾಲ ಅದು. ಊರು ತುಂಬಾ ಹಾಗೆ ಬರೆಯೋರು ಇರ್ತಾರೆ, ಯಾರು ಅಂತ ಯಾರಿಗೆ ಗೊತ್ತಾಗುತ್ತೆ...

ಇನ್ನೊಂದಾ? ಇದೇನು... ಓ.

ಇದನ್ನೂ ಇಟ್ಕೊಂಡಿದಾರಾ ಅವರು.

‘ತಮ್ಮ ಅರ್ಜಿಯ ವಿಷಯವನ್ನು ನಮ್ಮ ಕಾರ್ಯಕ್ರಮದಲ್ಲಿ ಎತ್ತಿಕೊಳ್ಳಲು ನಿರ್ಧರಿಸಲಾಗಿದೆ. ತಾವು ತಮ್ಮ ಮಗಳೊಂದಿಗೆ ಬರಬೇಕು. ಎರಡು ಪಾಸ್‌ಗಳನ್ನು ಲಗತ್ತಿಸಿದೆ.’ ಸಹಿ ನನ್ನದೇ. ಆಗ ನನ್ನ ಸಹಿ ಎಷ್ಟು ಚೆನ್ನಾಗಿತ್ತು ನೋಡಿ.

ಇದರಲ್ಲಿ ಸುಳ್ಳೇನೂ ಇಲ್ಲಮ್ಮಾ. ಎತ್ತಿಕೊಳ್ತೀವಿ ಅಂದಿದ್ವಿ, ಎತ್ತಿಕೊಂಡ್ವಿ.

ಹಾಗೆ ನೋಡ್ಬೇಡಿ. ಹೇಳ್ತೀನಿ. ಎಲ್ಲಾನೂ ಹೇಳ್ತೀನಿ, ಆದ್ರೆ ಮೆಲ್ಲಗೆ. ಅವಳು ಒಳಗಿದಾಳೆ.

ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದಿದ್ರು. ಜೊತೇಲಿ ಒಂದು ಮಗು, ಐದೋ ಆರೋ ವರ್ಷದ್ದು, ಎರಡು ಜಡೆ. ಮೂರನೇ ಸಾಲು, ಕೊನೇ ಎರಡು ಕುರ್ಚಿ. ನಾನೇ ಕೂರಿಸಿದ್ದು. ಎರಡನೇ ಕ್ಯಾಮೆರಾದವನಿಗೆ ಹೇಳಿದ್ದೆ, ಅವರಿಬ್ಬರ ಮುಖ ಬಿಡಬೇಡ ಅಂತ. ಅವರು ನಗ್ತಾರೆ ಅಂದ್ಕೊಂಡಿದ್ದೆ. ನಿಜವಾಗ್ಲೂ! ತನ್ನನ್ನೇ ನೋಡಿ ತಾನೇ ನಗೋ ಮನುಷ್ಯ, ಅದಕ್ಕಿಂತ ಒಳ್ಳೇ ಶಾಟ್ ಎಲ್ಲಿ ಸಿಗುತ್ತೆ? ಅವರು ಜೇಬಿಂದ ಒಂದು ಚಿಕ್ಕ ಪುಸ್ತಕ ತೆಗೆದ್ರು, ಪೆನ್ನಿನ ಟೋಪಿ ಬಿಚ್ಚಿದ್ರು, ತೊಡೆ ಮೇಲಿಟ್ಟು ಕಾಯ್ತಾ ಕೂತ್ರು. ಟಿವಿಯವರು ನಗರಸಭೆಯವರನ್ನ ಕರೆಸಿರ್ತಾರೆ, ಅವರ ಉತ್ತರ ಬರ್ಕೋಬೇಕು ಅಂತ. ...ನೀವು ಈಗ ಕೂತಿದೀರಲ್ಲ, ಹಾಗೇ.

ನಟ ಬಂದ. ಅರ್ಜಿ ಓದಿದ. ಯಾರೂ ನಗಲಿಲ್ಲ. ಬೋರ್ಡಿನವನು ಬೋರ್ಡು ಎತ್ತೆತ್ತಿ ಕೈ ಸೋತ. ಗೋಡೆ ಪಕ್ಕ ನಿಂತು ನಾನು ಬೆವರ್ತಿದ್ದೆ, ಅಷ್ಟು ತಣ್ಣಗಿನ ಹಾಲ್‌ನಲ್ಲಿ. ಮುಗೀತು ನನ್ನ ಕಥೆ ಅಂದ್ಕೊಂಡೆ. ಆಗ ಈ ಹತ್ತಿ ಕೈ ಹೊಲಿಗೆ ಬಿಟ್ಟು ದೊಪ್ಪಂತ ನೆಲಕ್ಕೆ ಬಿತ್ತು. ಬೀಳಬಾರದಿತ್ತು, ಅದು ತಪ್ಪಾಗಿ ಬಿದ್ದದ್ದು. ಒಂದು ಮಗು ನಕ್ಕಿತು. ಒಂದೇ ಒಂದು ಮಗು. ಗಾಜಿನ ಲೋಟ ಕಿಣಿಕಿಣಿ ಅಂದ ಹಾಗೆ...

ಅದು ನಗ್ತಿದ್ದ ಹಾಗೇ ಇನ್ನೂರು ಜನ ನಕ್ರು. ನಿಲ್ಲಲೇ ಇಲ್ಲ. ಆವತ್ತಿಂದ ಹದಿನಾರು ವರ್ಷ ನಿಲ್ಲಲಿಲ್ಲ.

ನೀನಾ?

...ನೀವಾ?

ಅಯ್ಯೋ ಮಗಳೇ. ನಿಮ್ಮ ಮನೇಲಿ ಟಿವಿ ಇತ್ತಾ? ಇಲ್ಲ, ಹೇಳ್ಬೇಡಿ. ಪಕ್ಕದ ಮನೇಲಿ ಇದ್ದೇ ಇರುತ್ತಲ್ಲ. ವಾರವಾರಾನೂ ಗೋಡೆ ಆಚೆಯಿಂದ... ಏಳನೇ ನಂಬರು.

ನೀವು ಚಿಕ್ಕ ಮಗು ಕಣಮ್ಮಾ. ಬೊಂಬೆ ಕೈ ಬಿತ್ತು, ನಕ್ರಿ. ಅಪ್ಪನ್ನ ನೋಡಿ ನಕ್ಕಿದ್ದಲ್ಲ ಅದು. ನನ್ನ ಮಾತು ನಂಬಿ, ನಗುವಿನ ವಿಷಯದಲ್ಲಿ ನಾನು ಸುಳ್ಳು ಹೇಳಲ್ಲ. ಮಿಕ್ಕಿದ್ದೆಲ್ಲದರಲ್ಲೂ ಹೇಳಿದೀನಿ.

ಅವರು ಪೆನ್ನಿನ ಟೋಪಿ ಮುಚ್ಚಿದ್ರು. ಪುಸ್ತಕ ಜೇಬಲ್ಲಿಟ್ಟರು. ನಿಮ್ಮ ಕೈ ಹಿಡ್ಕೊಂಡು ಎದ್ದರು. ಎಡಗೈಲಿ. ಬಲಗೈ ಖಾಲಿ ಇತ್ತು, ಆವತ್ತು ಟೈಪ್‌ರೈಟರ್ ತಂದಿರಲಿಲ್ಲ. ಜನ ನಗ್ತಾನೇ ಇದ್ರು, ಅವರು ‘ದಾರಿ ಬಿಡಿ, ದಾರಿ ಬಿಡಿ’ ಅಂತ ಮೆಲ್ಲಗೆ ಹೇಳ್ಕೊಂಡು ಹೋದ್ರು. ಕ್ಯಾಮೆರಾದವನು ಬಾಗಿಲವರೆಗೂ ತೆಗೆದಿದ್ದ. ಆ ಶಾಟ್ ನಾನು ಹಾಕಲಿಲ್ಲ. ಅಷ್ಟು ಮನುಷ್ಯತ್ವ ನನಗೂ ಇತ್ತು...

ಇಲ್ಲ. ಅದೂ ಸುಳ್ಳು. ಅದರಲ್ಲಿ ನಗು ಇರಲಿಲ್ಲ, ಅದಕ್ಕೆ ಹಾಕಲಿಲ್ಲ.

ಎಂಟನೇ ಅರ್ಜಿ ಎಲ್ಲಿ? ಫೈಲಲ್ಲಿ ಏಳೇ ಇದೆ. ಏಳನೇದರ ತಾರೀಖು ರೆಕಾರ್ಡಿಂಗಿನ ಹಿಂದಿನ ವಾರದ್ದು. ಆಮೇಲೆ... ಬರೀಲಿಲ್ವಾ? ಒಂದೂ? ಬರೀದೇ ಇದ್ದದ್ದಾ, ಕೊಡೋಕೆ ಬಂದಾಗ ನಿಮ್ಮ ಕಚೇರಿಯವರು... ಹ್ಞಾಂ. ‘ಮೂರನೇ ಕೈ ಬಂತಾ?’ ನಾನೇ ಈಗ ತಾನೇ ಹೆಮ್ಮೆಯಿಂದ ಹೇಳಿದ್ನಲ್ಲ. ಯಾರಾದ್ರೂ ಅರ್ಜಿ ಹಿಡ್ಕೊಂಡು ಬಂದ್ರೆ ಅಂತ. ಬರ್ತಿದ್ದದ್ದು ಯಾರು ಅಂತ ನಾನು ಕೇಳಲೇ ಇಲ್ಲ.

ಅವರು ಬರೆಯೋದು ಬಿಡದೇ ಇದ್ದಿದ್ರೆ ಆ ಕಂಬ ಯಾವತ್ತೋ ಬಂದಿರ್ತಿತ್ತೇನೋ. ಇಪ್ಪತ್ತು ವರ್ಷ ಮುಂಚೆ. ಆಗ ಇವಳ ಸೊಂಟ... ಬಿಡಿ. ಆ ಲೆಕ್ಕ ನಾನು ಒಬ್ಬನೇ ಇದ್ದಾಗ ಮಾಡಿದೀನಿ. ಪ್ರತಿ ಸಲವೂ ಒಂದೇ ಉತ್ತರ ಬರುತ್ತೆ.

ಅಪ್ಪ... ಹೇಗಿದಾರೆ? ಇದಾರಾ?

ಪಾಸು? ಇದು ನಾಳೆಯ ಪಾಸು. ಎರಡು. ಮೂರನೇ ಸಾಲು, ಕೊನೇ ಎರಡು ಕುರ್ಚಿ.

ಬರ್ತಾರೆ ಹಾಗಾದ್ರೆ. ಒಳ್ಳೇದು. ಒಳ್ಳೇದಾಯ್ತು... ಏನಮ್ಮಾ ಮಾಡ್ಬೇಕು ನಾನು ನಾಳೆ? ಹೇಳಿ. ನೀವು ಸನ್ಮಾನ ಪತ್ರ ಓದ್ತೀರಿ, ‘ಸ್ವತಃ ಅರ್ಜಿ ಬರೆದು’ ಅಂತ, ಅವರು ಅಲ್ಲಿ ಕೂತಿರ್ತಾರೆ, ನಾನು ಇಲ್ಲಿ ನಿಂತಿರ್ತೀನಿ. ಅಥವಾ ನೀವು ಈ ಏಳು ಅರ್ಜಿ ಓದ್ತೀರಿ. ಯಾವುದನ್ನ ಓದ್ತೀರಿ? ಬೇಕಾದ್ರೆ ಬೈರಿ! ಒಂದು ಮಾತು! ಇಷ್ಟು ಹೊತ್ತು ಎದುರಿಗೆ ಕೂತು...

ಹಾಳೆ ಯಾಕೆ ನನ್ನ ಕಡೆ ತಳ್ತೀರಿ? ಪೆನ್ನೂ?

ನಾನೇ ಬರೀಬೇಕಾ.

ಬರೀಬಹುದು. ಬರೆಯೋದೇನೂ ಕಷ್ಟ ಅಲ್ಲ. ಅರ್ಜಿ ನನ್ನದಲ್ಲ, ಇಂಥವರದ್ದು, ಇಂಥ ತಾರೀಖಿಂದು. ಎರಡೇ ಸಾಲು. ಸನ್ಮಾನ ಹೋದ್ರೆ ಹೋಗಲಿ, ಬೀರೂಲಿ ಜಾಗವೂ ಇಲ್ಲ. ಅದಲ್ಲ ವಿಷಯ... ಮೆಲ್ಲಗೆ ಹೇಳ್ತೀನಿ, ಹತ್ರ ಬನ್ನಿ. ‘ಇರುತ್ತದೆ’ ಅನ್ನೋದನ್ನ ‘ಇತ್ತು’ ಮಾಡಿದ್ದು ಬಿಟ್ರೆ, ಆ ಅರ್ಜೀಲಿ ನಾನು ಬದಲಾಯಿಸಿದ್ದು ಎರಡೇ ಮಾತು. ‘ಟೈಪ್‌ರೈಟರ್’ ತೆಗೆದು ‘ಚೀಲ’ ಹಾಕ್ದೆ. ‘ಮಗಳ’ ತೆಗೆದು ‘ಹೆಂಡತಿಯ’ ಹಾಕ್ದೆ. ಇಡೀ ಅರ್ಜೀಲಿ ನನ್ನ ಸ್ವಂತದ್ದು ಅಂದ್ರೆ ಅವೆರಡೇ. ಚೀಲ ನಿಜ. ಬಲಗೈಲಿ ಚೀಲ ಇತ್ತು.

ಎಡಗೈಲಿ ಫೋನ್ ಇತ್ತು.

ಟಿವಿಯವರು ಮಾಡಿದ್ರು, ಮೂರನೇ ಕೈ ಮಾವನ ಹಳೇ ಕಂತುಗಳನ್ನ ಮತ್ತೆ ಹಾಕ್ತೀವಿ ಅಂತ. ಖುಷಿಯಾಗಿ ನಗ್ತಾ ಮಾತಾಡ್ಕೊಂಡು ದಾಟ್ತಿದ್ದೆ. ಅವಳು ಹಿಂದೆ ಬರ್ತಿದ್ಲು. ಎಷ್ಟು ಹಿಂದೆ ಅಂತಲೂ ನೋಡಲಿಲ್ಲ.

ಅವಳಿಗೆ ಗೊತ್ತು. ಗೊತ್ತಿರಲ್ವಾ, ಅವಳ ಕೈ ಅಲ್ವಾ ಅದು! ಅರ್ಜಿ ಓದಿ ಹೇಳಿದಾಗ ಮಂಚದ ಮೇಲೆ ಸುಮ್ಮನೆ ಮಲಗಿ ಕೇಳಿದ್ಲು. ಆಮೇಲೆ ಅಂದ್ಲು, ‘ರಸ್ತೇಲಿ ಹಿಡೀಲಿಲ್ಲ. ಅರ್ಜೀಲಾದ್ರೂ ಹಿಡಿದ್ರಲ್ಲ, ಸಾಕು ಬಿಡಿ’ ಅಂತ. ಅಷ್ಟೇ ಅಂದದ್ದು. ಆಮೇಲೆ ಕಟ್ಟು ಹಾಕಿಸಿದ್ಲು. ನಾಲ್ಕು ವರ್ಷದಿಂದ ಅದನ್ನ ನೋಡ್ತಾನೇ ಮಲಗ್ತಾಳೆ, ನೋಡ್ತಾನೇ ಏಳ್ತಾಳೆ. ಈಗ ನಾನು ಹೇಗಮ್ಮಾ ಬರೀಲಿ, ಅದು...

ಯಾಕೆ ಬಾಗಿಲ ಕಡೆ ನೋಡ್ತೀರಿ?

ನೀನು ಯಾವಾಗ ಬಂದೆ? ಊರುಗೋಲು ಎಲ್ಲಿ? ಊರುಗೋಲಿಲ್ಲದೆ ಗೋಡೆ ಹಿಡ್ಕೊಂಡು ಬಂದ್ಯಾ... ಕೂತ್ಕೋ. ಇಲ್ಲಿ, ನನ್ನ ಜಾಗದಲ್ಲಿ ಕೂತ್ಕೋ. ಈ ಅಮ್ಮ ನಗರಸಭೆಯಿಂದ ಬಂದಿದಾರೆ, ಸನ್ಮಾನ ಪತ್ರ ಬರೆಯೋಕೆ... ಎಷ್ಟು ಹೊತ್ತಾಯ್ತು ಬಂದು?

ನೀನೂ ಮಾತಾಡಲ್ವಾ.

ಸರಿ. ಬರೀತೀನಿ. ಇಬ್ಬರೂ ನೋಡ್ತಿರಿ, ನಿಮ್ಮೆದುರಿಗೇ ಬರೀತೀನಿ. ‘ಮಾನ್ಯರೇ...’ ಹ್ಞಾಂ, ಹಾಗೇ ಶುರುವಾಗೋದು, ಇನ್ನೊಂದು ರೀತಿ ನನಗೆ ಗೊತ್ತಿಲ್ಲ. ‘ಮಾನ್ಯರೇ, ಈ ಅರ್ಜಿ ನನ್ನದಲ್ಲ.’

ಮಗಳೇ, ಆ ಬೀರು ಪಕ್ಕದ ಬಾಗಿಲು ದಾಟಿದ್ರೆ ಮಂಚ ಇದೆ. ತಲೆ ಹತ್ರ ಕಟ್ಟು ಹಾಕಿದ ಅರ್ಜಿ. ಅದನ್ನ ಇಳಿಸಿ ತನ್ನಿ. ಅಪ್ಪನಿಗೆ ಕೊಡಬೇಕು. ನನ್ನ ಕೈಲಿ ಇಳಿಸೋಕೆ ಆಗಲ್ಲ.

ತನ್ನ ಕೈ ಅಂದ್ಕೊಂಡು ಅವಳು ಇಷ್ಟು ದಿನ ನೋಡಿದ್ಲು. ಅರ್ಜೀಲಿ ಇದ್ದದ್ದೂ ಅವಳ ಕೈ ಅಲ್ಲ. ನಿಮ್ಮದು.